ಪೃಚ್ಛನೆಯಿಲ್ಲದ ಸ್ವಾಧ್ಯಾಯ

ಸ್ವಾಧ್ಯಾಯವು ಆರು ಅಂತರಂಗ ತಪಗಳಲ್ಲಿ ಒಂದೆಂಬುದು ಶ್ರಾವಕರಿಗೆ ವಿದಿತವಾದ ವಿಷಯವೇ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯಗಳ ಅನಂತರ, ವ್ಯುತ್ಸರ್ಗ ಮತ್ತು ಧ್ಯಾನಗಳಿಗೆ ಮೊದಲು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಅದನ್ನು ಇಡುತ್ತದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಸ್ವಾಧ್ಯಾಯದ ಐದು ಭೇದಗಳು ಬರುತ್ತವೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವುದು, ಪ್ರಶ್ನಿಸಿ ತಿಳಿಯುವುದು, ತಿಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸಿ ನೋಡುವುದು, ಉಚ್ಚಾರಶುದ್ಧಿಯಿಂದ ಪಠಿಸುವುದು, ಕಡೆಗೆ ಇನ್ನೊಬ್ಬರಿಗೆ ಹೇಳುವುದು. ಶ್ವೇತಾಂಬರ ಆಗಮಗಳಲ್ಲಿ ಈ ಐದು ಅಂಗಗಳ ಹೆಸರೂ ಕ್ರಮವೂ ಸ್ವಲ್ಪ ಬೇರೆಯಾಗಿವೆ. ಆದರೆ ಅಲ್ಲಿಯೂ ಎರಡನೆಯ ಸ್ಥಾನದಲ್ಲಿರುವುದು ಪ್ರಶ್ನೆಯೇ.

ಮನೆಗಳಲ್ಲಿ ನಡೆಯುವ ಶಾಸ್ತ್ರವಾಚನವನ್ನು ಈ ಐದು ಅಂಗಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಶ್ರದ್ಧೆಯುಳ್ಳ ಮನೆಯೊಂದರ ದಿನಚರಿಯನ್ನೇ ತೆಗೆದುಕೊಳ್ಳಬಹುದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದಿರುತ್ತದೆ. ದೀಪ ಹಚ್ಚಿ ಮಕ್ಕಳನ್ನು ಕೂರಿಸಲಾಗುತ್ತದೆ. ಪಂಚನಮಸ್ಕಾರವಾಗುತ್ತದೆ, ಭಕ್ತಾಮರದ ಕೆಲವು ಪದ್ಯಗಳಾಗುತ್ತವೆ. ಅಜ್ಜನೋ ತಂದೆಯೋ ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು ಒಂದು ಪುಟ ಓದುತ್ತಾರೆ, ಇಂತಹ ಕಥೆಯಿಂದ ಇಂತಹ ನೀತಿಯನ್ನು ಕಲಿಯಬೇಕೆಂದು ಎರಡು ಮಾತು ಹೇಳುತ್ತಾರೆ. ಆಮ್ನಾಯ ನಡೆಯಿತು, ವಾಚನೆ ನಡೆಯಿತು, ಧರ್ಮೋಪದೇಶವೂ ನಡೆಯಿತು. ನಡುವೆ ಮಗುವೊಂದು ಬಾಯಿ ತೆರೆದರೆ, ‘ಈಗ ಬೇಡ, ಮೊದಲು ಮುಗಿಯಲಿ’ ಎಂಬ ಉತ್ತರ ಬರುತ್ತದೆ. ಮುಗಿದ ಮೇಲೆ ಶಾಲೆಯ ಪಾಠಗಳಿರುತ್ತವೆ. ಎರಡನೆಯ ಅಂಗಕ್ಕೂ ಮೂರನೆಯ ಅಂಗಕ್ಕೂ ದಿನದಲ್ಲಿ ಹೊತ್ತೇ ಸಿಗುವುದಿಲ್ಲ.

ಇಷ್ಟಾದರೂ ನಡೆಯುತ್ತಿದೆಯಲ್ಲ ಎಂದು ಸಮಾಧಾನಪಡುವವರಿದ್ದಾರೆ. ಅದು ಅಸಂಗತವಾದ ಸಮಾಧಾನವೇನೂ ಅಲ್ಲ. ಎಷ್ಟೋ ಮನೆಗಳಲ್ಲಿ ಮೊಬೈಲಿನಿಂದ ಸ್ತೋತ್ರವು ತಾನಾಗಿ ಹಾಡಿಕೊಳ್ಳುತ್ತಿರುತ್ತದೆ, ಮನೆಯವರು ತಮ್ಮ ತಮ್ಮ ಕೆಲಸದಲ್ಲಿರುತ್ತಾರೆ. ಅದಕ್ಕೆ ಹೋಲಿಸಿದರೆ ಒಟ್ಟಿಗೆ ಕುಳಿತು ಒಂದು ಪುಟ ಓದುವ ಮನೆ ದೊಡ್ಡದು. ಆದರೆ ಆ ಮನೆಯಲ್ಲಿಯೇ ಬೆಳೆದ ಮಕ್ಕಳು ಹದಿನಾರು ಹದಿನೇಳನೆಯ ವಯಸ್ಸಿಗೆ ವ್ಯಾಸಪೀಠದ ಬಳಿಗೆ ಬರುವುದನ್ನು ಸದ್ದಿಲ್ಲದೆ ನಿಲ್ಲಿಸುತ್ತಾರೆ ಎಂಬುದು ಹಿರಿಯರೇ ಹೇಳಿಕೊಳ್ಳುವ ಕೊರಗು. ದೋಷವನ್ನು ಕಾಲೇಜಿನ ಮೇಲೂ ಕಾಲದ ಮೇಲೂ ಹೊರಿಸುವ ಮೊದಲು ಓದಿನ ಕ್ರಮವನ್ನೇ ಪರೀಕ್ಷಿಸುವುದು ನ್ಯಾಯ.

ಪೃಚ್ಛನೆ ಎಂದರೇನೆಂಬುದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಾರೆ. ಸಂಶಯವನ್ನು ಕತ್ತರಿಸುವುದಕ್ಕಾಗಿ, ಇಲ್ಲವೇ ಈಗಾಗಲೇ ನಿಶ್ಚಯವಾಗಿರುವುದಕ್ಕೆ ಬಲ ತುಂಬುವುದಕ್ಕಾಗಿ ಬಲ್ಲವರನ್ನು ಕೇಳುವುದು ಪೃಚ್ಛನೆ. ಈ ವಿವರಣೆಯಲ್ಲಿ ಸಂಶಯವಿರುವವನಿಗೂ ಸ್ಥಾನವಿದೆ, ಸಂಶಯವಿಲ್ಲದವನಿಗೂ ಸ್ಥಾನವಿದೆ. ಪ್ರಶ್ನೆ ಕೇಳುವವನು ಶ್ರದ್ಧೆ ಕಳೆದುಕೊಂಡವನೆಂಬ ಭಾವನೆ ಆಚಾರ್ಯರ ಮನಸ್ಸಿನಲ್ಲಿ ಸುಳಿದಂತೆಯೇ ಇಲ್ಲ. ವಿನಯವು ಸ್ವಾಧ್ಯಾಯಕ್ಕಿಂತ ಮೊದಲು ಬರುತ್ತದೆಯಲ್ಲ ಎಂದು ಕೇಳಬಹುದು. ಬರುತ್ತದೆ, ಹೇಗೆ ಕೇಳಬೇಕೆಂಬುದನ್ನು ಅದು ಕಲಿಸುತ್ತದೆ. ಕೇಳಬಾರದೆಂದು ಕಲಿಸುವುದು ವಿನಯದ ಕೆಲಸವಲ್ಲ.

ಪುರಾಣಗಳ ಚೌಕಟ್ಟೇ ಇದಕ್ಕೆ ಸಾಕ್ಷಿ. ಶ್ರೇಣಿಕ ಮಹಾರಾಜನು ಕೇಳಿದನು, ಗೌತಮ ಗಣಧರರು ಹೇಳಿದರು ಎಂಬಲ್ಲಿಂದ ಕಥೆ ತೊಡಗುತ್ತದೆ. ವಿಮಲಸೂರಿಯ ಪಉಮಚರಿಯದಲ್ಲಿ, ಅದನ್ನು ಅನುಸರಿಸಿದ ರವಿಷೇಣರ ಪದ್ಮಪುರಾಣದಲ್ಲಿ ಶ್ರೇಣಿಕನ ಪ್ರಶ್ನೆಯು ನೇರವಾದ ಸಂದೇಹವೇ ಆಗಿದೆ. ಕುಂಭಕರ್ಣನು ಆರು ತಿಂಗಳು ಮಲಗುತ್ತಿದ್ದನಂತೆ, ಕಪಿಗಳು ಸಮುದ್ರಕ್ಕೆ ಸೇತುವೆ ಕಟ್ಟಿದವಂತೆ; ಇದನ್ನು ನಂಬುವುದು ಹೇಗೆ ಎಂಬುದು ಅವನ ಅಳಲು. ಎಂಟು ವರ್ಷದ ಹುಡುಗನೊಬ್ಬ ಇದೇ ಪ್ರಶ್ನೆಯನ್ನು ಮನೆಯಲ್ಲಿ ಕೇಳಿದರೆ ಅಧಿಕಪ್ರಸಂಗಿ ಎನಿಸಿಕೊಳ್ಳುತ್ತಾನೆ. ಅರಸನು ಕೇಳಿದಾಗ ಜೈನ ರಾಮಾಯಣವೇ ಹುಟ್ಟಿತು.

ಮಕ್ಕಳ ವಿಷಯಕ್ಕೆ ಬಂದಾಗ ಎಲ್ಲಕ್ಕಿಂತ ಮೊದಲು ತೆರೆಯಬೇಕಾದ ಪುಟಗಳು ಜಿನಸೇನಾಚಾರ್ಯರ ಆದಿಪುರಾಣದ 16ನೆಯ ಪರ್ವದಲ್ಲಿವೆ. ವೃಷಭದೇವನು ಇನ್ನೂ ಗೃಹಸ್ಥನಾಗಿರುವ ಕಾಲ. ಬ್ರಾಹ್ಮಿ, ಸುಂದರಿ ಎಂಬ ಇಬ್ಬರು ಹೆಣ್ಣುಮಕ್ಕಳು ಬಂದು ನಮಸ್ಕರಿಸುತ್ತಾರೆ. ತಂದೆಯು ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಲೆಯನ್ನು ಮೂಸಿ, ವಿನೋದದ ಮಾತುಗಳನ್ನಾಡಿ, ಆಮೇಲೆ ಚಿನ್ನದ ಹಲಗೆಯ ಮೇಲೆ ಎರಡೂ ಕೈಗಳಿಂದ ಬರೆಯುತ್ತಾ ಅಕ್ಷರಗಳನ್ನೂ ಅಂಕಿಗಳನ್ನೂ ಹೇಳಿಕೊಡುತ್ತಾನೆ. ಬಲಗೈಯ ಲಿಪಿ ಬ್ರಾಹ್ಮಿಗೆ, ಎಡಗೈಯ ಗಣಿತ ಸುಂದರಿಗೆ ಎಂಬುದು ಪರಂಪರೆಯ ಮಾತು. ವ್ಯಾಕರಣ, ಛಂದಸ್ಸು, ಅಲಂಕಾರಗಳೂ ಅವರಿಗೆ ದೊರೆಯುತ್ತವೆ. ಈ ಯುಗದ ಮೊದಲ ವಿದ್ಯಾಭ್ಯಾಸವು ಹೆಣ್ಣುಮಕ್ಕಳದು, ಗಂಡುಮಕ್ಕಳ ಸರದಿ ಬರುವುದು ಅದಾದ ಮೇಲೆ ಎಂಬುದನ್ನು ಗಮನಿಸಬೇಕು. ಓದುವ ಪೀಠ ಅಜ್ಜನಿಗೆ, ಅಷ್ಟದ್ರವ್ಯದ ತಟ್ಟೆ ಮೊಮ್ಮಗಳಿಗೆ ಎಂದು ಹಂಚಿಕೊಂಡಿರುವ ಮನೆಗಳು ಈ ಪದ್ಯಗಳನ್ನು ಇನ್ನೊಮ್ಮೆ ಓದಬೇಕು.

ಗಂಡುಮಕ್ಕಳ ಶಿಕ್ಷಣವನ್ನು ಹೇಳುವ ಪದ್ಯಗಳು ಇನ್ನೂ ಸ್ವಾರಸ್ಯವಾಗಿವೆ. ಎಲ್ಲರಿಗೂ ಒಂದೇ ಪಾಠವಿಲ್ಲ. ಭರತನಿಗೆ ಅರ್ಥಶಾಸ್ತ್ರವನ್ನೂ ನೃತ್ಯಶಾಸ್ತ್ರವನ್ನೂ ಹೇಳಿಕೊಡುತ್ತಾನೆ. ವೃಷಭಸೇನನಿಗೆ ಗೀತ ವಾದ್ಯಗಳನ್ನೊಳಗೊಂಡ ಗಾಂಧರ್ವಶಾಸ್ತ್ರ. ಅನಂತವಿಜಯನಿಗೆ ಚಿತ್ರಕಲೆ ಮತ್ತು ವಾಸ್ತುವಿದ್ಯೆ. ಬಾಹುಬಲಿಗೆ ಕಾಮನೀತಿ, ಆಯುರ್ವೇದ, ಧನುರ್ವೇದ, ಆನೆ ಕುದುರೆಗಳ ಲಕ್ಷಣ, ರತ್ನಪರೀಕ್ಷೆ. ಮುಂದೆ ಚಕ್ರವರ್ತಿಯಾಗತಕ್ಕವನಿಗೆ ರಾಜ್ಯದ ವಿದ್ಯೆಯ ಜೊತೆಗೆ ನೃತ್ಯವೇಕೆ, ಒಂದು ವರ್ಷ ಅಲುಗಾಡದೆ ನಿಲ್ಲತಕ್ಕವನಿಗೆ ಕುದುರೆಯ ಲಕ್ಷಣವೇಕೆ ಎಂದು ಓದುಗನಿಗೆ ತೋರಬಹುದು. ಆಚಾರ್ಯರು ಕಾರಣ ಕೊಡುವುದಿಲ್ಲ. ತಂದೆಯಾದವನು ಒಬ್ಬೊಬ್ಬ ಮಗನನ್ನೂ ಬೇರೆ ಬೇರೆಯಾಗಿ ನೋಡಿದ್ದನೆಂಬುದು ಮಾತ್ರ ಆ ಪದ್ಯಗಳ ಓಟದಿಂದಲೇ ತಿಳಿಯುತ್ತದೆ.

ವೃಷಭಸೇನನ ವಿಷಯದಲ್ಲಿ ಸ್ವಲ್ಪ ನಿಲ್ಲುವುದು ಅಗತ್ಯ. ಎಂಟು ಪರ್ವಗಳು ಕಳೆದ ಮೇಲೆ, 24ನೆಯ ಪರ್ವದಲ್ಲಿ, ಭಗವಂತನ ಮೊದಲ ಗಣಧರನಾಗುವವನು ಈತನೇ. ಆಗ ಅವನು ಪುರಿಮತಾಲ ನಗರದ ಒಡೆಯನಾಗಿದ್ದ ಭರತನ ತಮ್ಮ. ಗಣಧರನ ಕೆಲಸವಾದರೂ ಏನು? ದಿವ್ಯಧ್ವನಿಯನ್ನು ಕೇಳಿ, ಗ್ರಹಿಸಿ, ಅದನ್ನು ಶ್ರುತವಾಗಿ ಕಟ್ಟುವುದು. ಬಾಲ್ಯದಲ್ಲಿ ತಂದೆಯಿಂದ ನಾದವಿದ್ಯೆಯನ್ನು ಪಡೆದ ಮಗನು, ತಂದೆಯು ತೀರ್ಥಂಕರನಾದಾಗ ಆ ಧ್ವನಿಯನ್ನು ಮೊದಲು ಗ್ರಹಿಸುವವನಾಗುತ್ತಾನೆ. ಜಿನಸೇನರು ಈ ಎರಡು ಪ್ರಸಂಗಗಳನ್ನು ಬೆಸೆದು ತೋರಿಸಿಲ್ಲ. ಬೆಸೆಯುವ ಕೆಲಸ ಓದುವವರಿಗೆ ಸೇರಿದ್ದು. ಅನುಪ್ರೇಕ್ಷೆ ಎಂದರೆ ಇದೇ. ದಿನಕ್ಕೊಂದು ಪುಟದ ಲೆಕ್ಕದಲ್ಲಿ ಓದಿ ಪುಸ್ತಕ ಮುಚ್ಚುವ ಮನೆಯಲ್ಲಿ 16ನೆಯ ಪರ್ವವನ್ನು ಓದಿದ ತಿಂಗಳಿಗೂ 24ನೆಯ ಪರ್ವವನ್ನು ಓದುವ ತಿಂಗಳಿಗೂ ಸಂಬಂಧ ಉಳಿಯುವುದಿಲ್ಲ. ಸಂಗೀತದ ಕಿವಿಯುಳ್ಳ ಮಗುವೊಂದು ಆ ಮನೆಯಲ್ಲಿದ್ದರೆ, ತನ್ನಂಥವನೊಬ್ಬ ಈ ಪುರಾಣದಲ್ಲಿದ್ದಾನೆಂಬುದು ಅದಕ್ಕೆ ತಿಳಿಯದೆಯೇ ಹೋಗುತ್ತದೆ.

ಮಕ್ಕಳಿಗಾಗಿ ಬರೆದ ಸಂಗ್ರಹಗಳು ಈ ಭಾಗವನ್ನು ನಡೆಸಿಕೊಳ್ಳುವ ರೀತಿ ಟೀಕೆಗೆ ಅರ್ಹವಾಗಿದೆ. ಬ್ರಾಹ್ಮಿ ಸುಂದರಿಯರ ಪ್ರಸಂಗಕ್ಕೆ ಅಲ್ಲಿ ಒಂದು ಚಿತ್ರ, ನಾಲ್ಕು ಸಾಲು. ಗಂಡುಮಕ್ಕಳಿಗೆ ‘ಸಕಲ ವಿದ್ಯೆಗಳನ್ನೂ ಕಲಿಸಿದನು’ ಎಂಬ ಒಂದೇ ವಾಕ್ಯ. ಕೂಡಲೇ ನೀಲಾಂಜನೆಯ ನೃತ್ಯ, ವೈರಾಗ್ಯ, ಅಲ್ಲಿಂದ ನೇರವಾಗಿ ಭರತ ಬಾಹುಬಲಿಯರ ಯುದ್ಧ. ಸಂಗ್ರಹಕಾರರಿಗೆ ಪುಟಗಳ ಮಿತಿ ಇರುತ್ತದೆ, ನಿಜ. ಆದರೆ ಬಿಟ್ಟದ್ದು ಯಾವುದನ್ನು? ಮಗುವು ತನ್ನನ್ನು ಕಂಡುಕೊಳ್ಳಬಹುದಾಗಿದ್ದ ಭಾಗವನ್ನು. ‘ಸಕಲ ವಿದ್ಯೆ’ ಎಂಬ ಮಾತಿನಲ್ಲಿ ಯಾವ ಮಗುವೂ ಇಲ್ಲ. ಗಾಂಧರ್ವ ಎಂಬ ಮಾತಿನಲ್ಲಿ, ಚಿತ್ರ ಎಂಬ ಮಾತಿನಲ್ಲಿ ಇದೆ.

ಇದಕ್ಕೆ ಸರಿಹೊಂದುವಂತೆಯೇ ಬಸದಿಗಳ ಆಡಳಿತ ಮಂಡಳಿಗಳು ದಶಲಕ್ಷಣ ಪರ್ವದಲ್ಲಿಯೋ ಶ್ರುತಪಂಚಮಿಯಂದೋ ಕಂಠಪಾಠ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಉದ್ದೇಶ ಒಳ್ಳೆಯದೇ. ಸ್ಪಷ್ಟೋಚ್ಚಾರವು ಆಮ್ನಾಯದ ಪ್ರಾಣ. ಅದನ್ನು ಹಗುರವಾಗಿ ಕಾಣುವವರು ಪ್ರಾಕೃತ ಗಾಹೆಯೊಂದನ್ನು ಸರಿಯಾಗಿ ಹೇಳಲು ಒಮ್ಮೆ ಪ್ರಯತ್ನಿಸಿ ನೋಡಬಹುದು. ಆಕ್ಷೇಪವಿರುವುದು ಅದೊಂದೇ ಅಳತೆಗೋಲಾಗಿರುವುದಕ್ಕೆ. ಮತಿಜ್ಞಾನದಲ್ಲಿ ಅವಗ್ರಹ, ಈಹೆ, ಅವಾಯ, ಧಾರಣೆ ಎಂಬ ನಾಲ್ಕು ಹಂತಗಳನ್ನು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ ಹೇಳುತ್ತದೆ. ವಸ್ತು ಮೊದಲು ಹೊಳೆಯುವುದು, ಅದು ಏನಿರಬಹುದೆಂದು ಅರಸುವುದು, ನಿಶ್ಚಯಿಸುವುದು, ನಿಶ್ಚಯವಾದುದನ್ನು ಮರೆಯದೆ ಹಿಡಿದಿಡುವುದು. ಸ್ಪರ್ಧೆಯ ವೇದಿಕೆಯು ಪರೀಕ್ಷಿಸುವುದು ನಾಲ್ಕನೆಯದನ್ನು ಮಾತ್ರ. ‘ಏಕೆ’ ಎಂದು ಕೇಳುವ ಮಗುವಿನಲ್ಲಿ ಕೆಲಸ ಮಾಡುತ್ತಿರುವುದು ಎರಡನೆಯದಾದ ಈಹೆ, ಅದಕ್ಕೆ ಬಹುಮಾನವಿಲ್ಲ. ಅದರ ಮುಂದಿನ ಸೂತ್ರವು ಶೀಘ್ರವಾಗಿ ತಿಳಿಯುವುದನ್ನು ಹೇಳುವಾಗಲೇ ಅದರ ಪ್ರತಿಪಕ್ಷವಾದ ನಿಧಾನವಾಗಿ ತಿಳಿಯುವುದನ್ನೂ ಮತಿಜ್ಞಾನದ ಭೇದವೆಂದೇ ಒಪ್ಪುತ್ತದೆ. ನಿಧಾನಿಯಾದ ಮಗುವಿಗೂ ಸೂತ್ರಕಾರರು ಸ್ಥಾನ ಕೊಟ್ಟಿದ್ದಾರೆ; ಕೊಡದವರು ತೀರ್ಪುಗಾರರು.

ಜ್ಞಾನಾವರಣೀಯ ಕರ್ಮದ ಕ್ಷಯೋಪಶಮವು ಜೀವದಿಂದ ಜೀವಕ್ಕೆ ಭಿನ್ನವೆಂದು ಸಿದ್ಧಾಂತವನ್ನು ಬಲ್ಲ ಹಿರಿಯರು ಪ್ರವಚನದಲ್ಲಿ ಹೇಳುತ್ತಾರೆ. ಮನೆಗೆ ಬಂದು, ಪಕ್ಕದ ಮನೆಯ ಹುಡುಗಿ ಭಕ್ತಾಮರದ 48 ಪದ್ಯಗಳನ್ನೂ ಹೇಳುತ್ತಾಳೆ, ನಿನಗೇನಾಗಿದೆ ಎಂದು ಮೊಮ್ಮಗನನ್ನು ಕೇಳುತ್ತಾರೆ. ಸಿದ್ಧಾಂತ ಪೀಠದಲ್ಲಿ ಉಳಿಯಿತು. ಪಾಠ ನೆನಪಿಲ್ಲದ ಮಗು ತನಗೆ ಧರ್ಮವೇ ಬಾರದೆಂದು ತಿಳಿದುಕೊಳ್ಳುತ್ತದೆ, ಮತ್ತು ಆ ತಿಳಿವಳಿಕೆ ಬಹಳ ಕಾಲ ಹೋಗುವುದಿಲ್ಲ. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಶಿವಭೂತಿ ಮುನಿಯನ್ನು ನೆನೆದಿರುವುದು ಇಂತಹ ಮಗುವಿಗಾಗಿಯೇ ಏನೋ ಎನ್ನಿಸುತ್ತದೆ. ಗುರು ಹೇಳಿದ್ದು ನೆನಪಿನಲ್ಲಿ ನಿಲ್ಲದೆ, ಹೊಟ್ಟು ಮತ್ತು ಉದ್ದು ಎಂಬರ್ಥದ ‘ತುಷಮಾಷ’ ಎಂಬ ಒಂದು ಮಾತನ್ನೇ ಉರುಹೊಡೆಯುತ್ತಾ, ಭಾವಶುದ್ಧಿಯಿಂದ ಅವನು ಕೇವಲಜ್ಞಾನವನ್ನು ಪಡೆದನು. ಸಿಪ್ಪೆಯಿಂದ ಬೇಳೆ ಬೇರೆಯಾಗುವಂತೆ ದೇಹದಿಂದ ಆತ್ಮ ಬೇರೆ ಎಂಬುದು ಅವನಿಗೆ ಹೊಳೆದಿತ್ತು. ಯಾವ ಕಂಠಪಾಠ ಸ್ಪರ್ಧೆಯಲ್ಲಿಯೂ ಅವನಿಗೆ ಸಮಾಧಾನಕರ ಬಹುಮಾನವೂ ಬರುತ್ತಿರಲಿಲ್ಲ.

ಇನ್ನು ಮುಖ್ಯವಾದ ಆಕ್ಷೇಪವನ್ನು ಎದುರಿಸಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದೇ ನಿಶ್ಶಂಕಿತ. ಮಕ್ಕಳಿಗೆ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿದರೆ ಶಂಕೆಯನ್ನು ಬಿತ್ತಿದಂತಾಗುವುದಿಲ್ಲವೇ ಎಂಬುದು ಆ ಆಕ್ಷೇಪ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ಕೈಯಲ್ಲಿ ಹಿಡಿದೇ ಇದನ್ನು ಕೇಳುವವರುಂಟು. ಉತ್ತರವೂ ಅದೇ ಗ್ರಂಥದಲ್ಲಿದೆ. ನಿಶ್ಶಂಕಿತಾಂಗಕ್ಕೆ ಆಚಾರ್ಯರು ಉದಾಹರಣೆಯಾಗಿ ಹೆಸರಿಸಿರುವುದು ಅಂಜನಚೋರನನ್ನು. ಪ್ರಭಾಚಂದ್ರರ ಟೀಕೆಯಲ್ಲಿ ಬರುವ ಆ ಕಥೆಯಲ್ಲಿ, ಕೆಳಗೆ ಆಯುಧಗಳನ್ನು ನೆಟ್ಟು, ಮೇಲೆ ನೆಲುವನ್ನು ಕಟ್ಟಿ, ಮಂತ್ರವನ್ನು ಹೇಳುತ್ತಾ ಒಂದೊಂದಾಗಿ ಎಳೆಗಳನ್ನು ಕತ್ತರಿಸಬೇಕಾದವನು ಹತ್ತುತ್ತಾನೆ, ಇಳಿಯುತ್ತಾನೆ. ಮಂತ್ರವನ್ನು ಕ್ರಮವಾಗಿ ಕಲಿತವನು ಅವನು, ಶಂಕೆಯೂ ಅವನದೇ. ಕಳ್ಳನು ಓಡುತ್ತಾ ಬಂದು, ಇದೇನು ಮಾಡುತ್ತಿದ್ದೀಯೆ ಎಂದು ಕೇಳುತ್ತಾನೆ. ಕೇಳಿ ತಿಳಿದು, ನಂಬಿ, ಎಲ್ಲ ಎಳೆಗಳನ್ನೂ ಒಂದೇ ಏಟಿಗೆ ಕತ್ತರಿಸುತ್ತಾನೆ. ಕಥೆಯಲ್ಲಿ ಪ್ರಶ್ನೆ ಕೇಳಿದವನೇ ನಿಶ್ಶಂಕನಾದನು, ಕ್ರಮವಾಗಿ ಕಲಿತವನು ತೂಗಾಡುತ್ತಲೇ ಉಳಿದನು. ಶಂಕೆಯು ಮನಸ್ಸಿನೊಳಗೆ ಬಚ್ಚಿಟ್ಟುಕೊಂಡಿರುವಂಥದು, ಪೃಚ್ಛನೆಯು ಅದನ್ನು ಬೆಳಕಿಗೆ ತರುವಂಥದು. ಬಾಯಿ ಮುಚ್ಚಿಸಿದ ಮಗುವಿನಲ್ಲಿ ಉಳಿಯುವುದು ಮೊದಲನೆಯದು.

ಆ ಎಂಟು ಅಂಗಗಳಿಗೆ ಸಮಂತಭದ್ರರು ಆರಿಸಿಕೊಂಡ ಎಂಟು ಜನರನ್ನು ಒಟ್ಟಿಗೆ ನೋಡಿದಾಗಲೂ ಇದೇ ದೃಷ್ಟಿ ಕಾಣುತ್ತದೆ. ಒಬ್ಬ ಕಳ್ಳ, ಒಬ್ಬಳು ಶ್ರೇಷ್ಠಿಯ ಮಗಳು, ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬ ಶ್ರೇಷ್ಠಿ, ಉಳಿದ ಮೂವರು ವಾರಿಷೇಣ, ವಿಷ್ಣುಕುಮಾರ, ವಜ್ರಕುಮಾರರು. ಎಂಟೂ ಅಂಗಗಳಿಗೆ ಒಬ್ಬನನ್ನೇ ಮಾದರಿಯಾಗಿ ನಿಲ್ಲಿಸಬಹುದಾಗಿತ್ತು. ಆಚಾರ್ಯರು ಹಾಗೆ ಮಾಡಲಿಲ್ಲ.

ಅವರಲ್ಲಿ ಅನಂತಮತಿಯ ಕಥೆಯನ್ನು ಮಕ್ಕಳಿಗೆ ಓದುವುದಕ್ಕಿಂತ ತಂದೆತಾಯಿಗಳು ತಾವೇ ಓದಿಕೊಳ್ಳುವುದು ಮೇಲು. ಅಷ್ಟಾಹ್ನಿಕ ಪರ್ವದಲ್ಲಿ ತಂದೆಯು ಎಂಟು ದಿನಗಳ ಬ್ರಹ್ಮಚರ್ಯ ವ್ರತವನ್ನು ತೆಗೆದುಕೊಳ್ಳುವಾಗ, ವಿನೋದಕ್ಕೆಂದು ಪುಟ್ಟ ಮಗಳಿಗೂ ಅದನ್ನು ಕೊಡಿಸುತ್ತಾನೆ. ಮದುವೆಯ ಮಾತು ಬಂದಾಗ ಮಗಳು ಆ ವ್ರತವನ್ನು ನೆನಪಿಸುತ್ತಾಳೆ. ಅದು ಆಟಕ್ಕೆ ಕೊಡಿಸಿದ್ದು ಎನ್ನುತ್ತಾನೆ ತಂದೆ. ಧರ್ಮದಲ್ಲಿ, ವ್ರತದಲ್ಲಿ ಆಟವೆಂತಹದು ಎಂದು ಕೇಳುತ್ತಾಳೆ ಮಗಳು. ಇದನ್ನು ಮಗಳ ದೃಢತೆಯ ಕಥೆಯೆಂದು ಮಾತ್ರ ಹೇಳುತ್ತಾ ಬರಲಾಗಿದೆ. ದೃಢತೆಯೇನೋ ಅಪಾರವಾದದ್ದು, ಮುಂದೆ ಅವಳಿಗೆ ಬಂದ ಕಷ್ಟಗಳಲ್ಲಿ ಅದೇ ಅವಳನ್ನು ಕಾಯುತ್ತದೆ. ಆದರೆ ತಂದೆಯ ಪಾತ್ರವನ್ನು ಕಥೆಗಾರನು ಎಲ್ಲಿಯೂ ಹೊಗಳಿಲ್ಲ. ತಾನು ಆಡಿದ ಮಾತನ್ನು ಮಗುವು ತನಗಿಂತ ಹೆಚ್ಚು ನಂಬಿತ್ತು ಎಂಬುದು ಆತನಿಗೆ ತಿಳಿದಿರಲಿಲ್ಲ, ಕೇಳಿಯೂ ಇರಲಿಲ್ಲ. ವ್ಯಾಸಪೀಠದ ಮುಂದೆ ಕುಳಿತು ರಾತ್ರಿಭೋಜನ ತ್ಯಾಗದ ಪುಟವನ್ನು ಓದಿ, ಮರುದಿನ ಸಮಾರಂಭದಲ್ಲಿ ಹತ್ತು ಗಂಟೆಗೆ ಎಲೆಯ ಮುಂದೆ ಕೂರುವ ಹಿರಿಯರನ್ನು ನೋಡುತ್ತಿರುವ ಮಗುವಿನ ಮನಸ್ಸಿನಲ್ಲಿ ಏಳುವ ಪ್ರಶ್ನೆಯೂ ಅನಂತಮತಿಯ ಪ್ರಶ್ನೆಯೇ.

ಮನೆಯ ಓದಿನಲ್ಲಿ ಹಿರಿಯರನ್ನು ಕಷ್ಟಕ್ಕೆ ಸಿಕ್ಕಿಸುವ ಪ್ರಶ್ನೆಗಳು ಹೆಚ್ಚಾಗಿ ಭರತ ಬಾಹುಬಲಿಯರ ಸುತ್ತ ಬರುತ್ತವೆ. ತಮ್ಮನ ಮೇಲೆ ಚಕ್ರವನ್ನು ಬಿಟ್ಟ ಅಣ್ಣ ಒಳ್ಳೆಯವನು ಹೇಗಾದ? ಇದಕ್ಕೆ ‘ಹಾಗೆಲ್ಲ ಕೇಳಬಾರದು, ಅವನು ಅದೇ ಭವದಲ್ಲಿ ಮೋಕ್ಷ ಪಡೆದವನು’ ಎಂಬ ಉತ್ತರ ಕೊಡುವುದು ವಾಡಿಕೆ. ಆದಿಪುರಾಣದ 36ನೆಯ ಪರ್ವವನ್ನು ತೆರೆದರೆ ಅಲ್ಲಿಯೇ ಆ ಪ್ರಶ್ನೆ ಇದೆ. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಮಾಡಿ ನಿಂತಾಗ ಅಲ್ಲಿದ್ದ ಹಿರಿಯರು, ಸಾಕು ಈ ದುಸ್ಸಾಹಸ ಎಂದು ಚಕ್ರವರ್ತಿಯನ್ನು ಧಿಕ್ಕರಿಸಿದರು, ಅವನು ಪಶ್ಚಾತ್ತಾಪಪಟ್ಟನು ಎಂಬುದನ್ನು ಜಿನಸೇನರು ಮರೆಮಾಡಿಲ್ಲ. ಮಗು ಕೇಳಿದ್ದನ್ನು ಸಭೆಯೇ ಕೇಳಿತ್ತು. ಪುಸ್ತಕಕ್ಕಿಂತ ಹೆಚ್ಚಾಗಿ ಭರತನನ್ನು ರಕ್ಷಿಸಹೊರಡುವ ಅಜ್ಜನು ಮೊಮ್ಮಗನ ವಿಶ್ವಾಸವನ್ನೂ ಕಳೆದುಕೊಳ್ಳುತ್ತಾನೆ, ಭರತನ ಪಶ್ಚಾತ್ತಾಪವನ್ನೂ ಕಳೆದುಬಿಡುತ್ತಾನೆ.

ಬಾಹುಬಲಿಗೆ ಒಂದು ವರ್ಷ ಕೇವಲಜ್ಞಾನ ಏಕೆ ಬರಲಿಲ್ಲವೆಂಬುದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ, ತಾನು ಭರತನ ನೆಲದ ಮೇಲೆ ನಿಂತಿದ್ದೇನೆಂಬ ಮಾನದ ಶಲ್ಯ. ಜಿನಸೇನರು ಕೊಡುವ ಕಾರಣ ಬೇರೆ: ತನ್ನಿಂದ ಭರತನಿಗೆ ಸಂಕ್ಲೇಶವಾಯಿತಲ್ಲ ಎಂಬ ಅಕ್ಕರೆಯ ನೋವು. ಒಂದರಲ್ಲಿ ಅಹಂಕಾರ ತೊಡಕಾಗುತ್ತದೆ, ಇನ್ನೊಂದರಲ್ಲಿ ಪ್ರೀತಿಯೇ ತೊಡಕಾಗುತ್ತದೆ. ಈ ಎರಡರ ನಡುವಿನ ಅಂತರವನ್ನು ಹನ್ನೆರಡು ವರ್ಷದ ಮಗು, ಅದರಲ್ಲಿಯೂ ಅಣ್ಣನೊಡನೆ ಜಗಳವಾಡಿ ರಾತ್ರಿ ನಿದ್ದೆ ಬಾರದೆ ಹೊರಳಿದ ಮಗು, ಪಂಡಿತರಿಗಿಂತ ಬೇಗ ಹಿಡಿಯಬಲ್ಲದು.

ರತ್ನಾಕರವರ್ಣಿಯ ಭರತೇಶ ವೈಭವವನ್ನು ಮನೆಯಲ್ಲಿ ಓದುವ ರೂಢಿ ಇದ್ದರೆ ಪ್ರಶ್ನೆ ಇನ್ನೂ ಜಟಿಲವಾಗುತ್ತದೆ. 16ನೆಯ ಶತಮಾನದ ಈ ಸಾಂಗತ್ಯ ಕಾವ್ಯದಲ್ಲಿ ಅಣ್ಣತಮ್ಮಂದಿರು ಕೈ ಎತ್ತುವುದೇ ಇಲ್ಲ. ಭರತನು ಮಾತಿನಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಪಂಪನ ಆದಿಪುರಾಣದಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು. ಇಲ್ಲಿ ಬರಿಯ ಮಾತು. ಯಾವುದು ನಿಜ ಎಂದು ಮಗು ಕೇಳಿಯೇ ಕೇಳುತ್ತದೆ. ಎರಡೂ ಒಂದೇ ಎನ್ನುವುದು ಸುಳ್ಳು. ಒಂದು ಸರಿ, ಇನ್ನೊಂದು ತಪ್ಪು ಎಂದು ಪುಸ್ತಕವನ್ನು ಕಪಾಟಿಗೆ ಸೇರಿಸುವುದು ಬಡತನ. ಆರು ನೂರು ವರ್ಷಗಳ ಅನಂತರ ಕರಾವಳಿಯ ಕವಿಯೊಬ್ಬನಿಗೆ ಅಣ್ಣತಮ್ಮಂದಿರನ್ನು ಹೊಡೆದಾಡಿಸಲು ಮನಸ್ಸು ಏಕೆ ಬರಲಿಲ್ಲ ಎಂದು ಮಗುವನ್ನೇ ಕೇಳಬಹುದು. ಅನೇಕಾಂತವನ್ನು ಆನೆ ಮತ್ತು ಕುರುಡರ ಕಥೆಯಿಂದ ವರ್ಷಕ್ಕೊಮ್ಮೆ ಬೋಧಿಸುವುದಕ್ಕಿಂತ, ಮನೆಯ ಕಪಾಟಿನಲ್ಲಿಯೇ ಇರುವ ಎರಡು ಪುಸ್ತಕಗಳನ್ನು ಒಟ್ಟಿಗೆ ತೆರೆಯುವುದು ಹೆಚ್ಚು ಫಲಕಾರಿ. ಹಳಗನ್ನಡ ತೊಡಕೆಂಬ ಮಾತು ನಿಜವಾದರೂ ಸಾಂಗತ್ಯಕ್ಕೆ ಅದು ಅಷ್ಟಾಗಿ ಅನ್ವಯಿಸುವುದಿಲ್ಲ. ಹಾಡುವುದಕ್ಕಾಗಿಯೇ ಹುಟ್ಟಿದ ಛಂದಸ್ಸು ಅದು. ಹಾಡಬಲ್ಲ ಮಗಳಿದ್ದರೆ ಅಂದಿನ ಓದು ಅವಳದೇ ಆಗಲಿ. ಅರ್ಥವನ್ನು ಅಜ್ಜಿ ಹೇಳಲಿ.

ವಿರುದ್ಧ ದಿಕ್ಕಿನ ಅಪಾಯವೊಂದಿದೆ. ಮಗುವಿನ ಪ್ರತಿಭೆಯನ್ನು ಕಂಡುಹಿಡಿಯುವ ಉತ್ಸಾಹದಲ್ಲಿ, ಹಾಡುವ ಮಗುವನ್ನು ವೇದಿಕೆಯಿಂದ ವೇದಿಕೆಗೆ ಕರೆದೊಯ್ದು, ಹಾರ ತುರಾಯಿಗಳ ಚಿತ್ರಗಳನ್ನು ಮೊಬೈಲಿನಲ್ಲಿ ಹಂಚುವ ತಂದೆತಾಯಿಗಳೂ ಹೆಚ್ಚುತ್ತಿದ್ದಾರೆ. ಆದಿಪುರಾಣವು ಇದಕ್ಕೂ ಸಮ್ಮತಿ ಕೊಡುವುದಿಲ್ಲ. ಮಕ್ಕಳಿಗೆ ವಿದ್ಯೆಗಳನ್ನು ಕೊಟ್ಟ ಅದೇ 16ನೆಯ ಪರ್ವದಲ್ಲಿ, ಕಲ್ಪವೃಕ್ಷಗಳು ಇಲ್ಲವಾಗಿ ಹಸಿದು ಬಂದ ಪ್ರಜೆಗಳಿಗೆ ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ತೋರಿಸಿಕೊಡುತ್ತಾನೆ. ಮನೆಯ ತೊಡೆಯ ಮೇಲಿನ ಪಾಠದ ಬೆನ್ನಿಗೇ ಹೊರಗಿನ ಜನರ ಬದುಕಿನ ಪಾಠ ಬರುತ್ತದೆ. ವಿದ್ಯೆಯನ್ನು ಅಲ್ಲಿ ಯಾರೂ ಪ್ರದರ್ಶಿಸುತ್ತಿಲ್ಲ.

ಆಡಳಿತ ಮಂಡಳಿಗಳು ಮಾಡಬಹುದಾದ ಕೆಲಸ ದೊಡ್ಡ ವೆಚ್ಚದ್ದೇನೂ ಅಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಎಲ್ಲ ಸಭೆಗಳಲ್ಲಿಯೂ ಹೇಳಲಾಗುತ್ತದೆ. ಅದು ತಾಳೆಗರಿಯ ಕಾಲ. ಒಂದೊಂದು ಪ್ರತಿಯ ಹಿಂದೆಯೂ ಒಬ್ಬ ಲಿಪಿಕಾರನ ಬೆನ್ನುನೋವಿದೆ. ಸಂಗ್ರಹವನ್ನಲ್ಲ, ಪೂರ್ಣ ಪುರಾಣವನ್ನೇ ಆಕೆ ಹಂಚಿದಳು. ಈಗ ಮುದ್ರಣ ಸುಲಭ. ಶ್ರುತಪಂಚಮಿಗೆ ಉಚಿತವಾಗಿ ಹಂಚುವ ಸ್ತೋತ್ರದ ಕಿರುಹೊತ್ತಗೆಗಳ ಜೊತೆಗೆ, ಆದಿಪುರಾಣದ 16ನೆಯ ಪರ್ವವೊಂದನ್ನೇ ಸರಳಗನ್ನಡ ಗದ್ಯದಲ್ಲಿ, ಒಂದು ವಿದ್ಯೆಯ ಹೆಸರನ್ನೂ ಬಿಡದೆ ಅಚ್ಚುಹಾಕಿಸಬಹುದು. ಬಲಗಡೆಯ ಪುಟವನ್ನು ಖಾಲಿ ಬಿಟ್ಟರೆ ಮಕ್ಕಳು ತಮ್ಮ ಪ್ರಶ್ನೆಗಳನ್ನು ಬರೆದಿಡುತ್ತಾರೆ. ಸ್ಪರ್ಧೆ ಬೇಕೇ ಬೇಕೆಂದಿದ್ದರೆ ಒಳ್ಳೆಯ ಪ್ರಶ್ನೆಗೊಂದು ಬಹುಮಾನವಿಡಬಹುದು. ತೀರ್ಪು ಕೊಡುವುದು ಮಾತ್ರ ಕಷ್ಟವಾದೀತು, ಏಕೆಂದರೆ ತೀರ್ಪುಗಾರರಿಗೆ ಉತ್ತರ ತಿಳಿದಿರಬೇಕಾಗುತ್ತದೆ.

ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನ ಕ್ರಿಯೆಯನ್ನು ಮಾಡಬೇಕೆಂದು ಜಿನಸೇನರು 38ನೆಯ ಪರ್ವದಲ್ಲಿ ಗೃಹಸ್ಥರಿಗೆ ಹೇಳಿದ್ದಾರೆ. ಅಲ್ಲಿಂದ ಮುಂದೆ ಮಗುವಿನಲ್ಲಿ ಏನಿದೆ ಎಂಬುದನ್ನು ನೋಡುವುದು ಹೇಗೆ? ಇದಕ್ಕೆ ಹರಿಷೇಣನ ಬೃಹತ್ಕಥಾಕೋಶದಲ್ಲಿಯೂ ಕನ್ನಡದ ವಡ್ಡಾರಾಧನೆಯಲ್ಲಿಯೂ ಬರುವ ಭದ್ರಬಾಹು ಸ್ವಾಮಿಗಳ ಬಾಲ್ಯದ ಪ್ರಸಂಗವನ್ನು ನೋಡಬೇಕು. ನಾಲ್ಕನೆಯ ಶ್ರುತಕೇವಲಿಗಳಾದ ಗೋವರ್ಧನಾಚಾರ್ಯರು ದಾರಿಯಲ್ಲಿ ಬರುತ್ತಿದ್ದಾರೆ. ಊರ ಹುಡುಗರು ಬಟ್ಟುಗಳ ಆಟವಾಡುತ್ತಿದ್ದಾರೆ. ಉಳಿದವರಿಗೆ ಆಗದಷ್ಟು ಎತ್ತರಕ್ಕೆ ಒಬ್ಬ ಹುಡುಗ ಒಂದರ ಮೇಲೊಂದರಂತೆ ಹದಿನಾಲ್ಕು ಬಟ್ಟುಗಳನ್ನು ನಿಲ್ಲಿಸುತ್ತಾನೆ. ಅವನು ಸ್ತೋತ್ರವನ್ನೇನೂ ಹೇಳಿರಲಿಲ್ಲ, ಧೂಳಿನಲ್ಲಿ ಆಡುತ್ತಿದ್ದನು. ಹದಿನಾಲ್ಕು ಪೂರ್ವಗಳನ್ನು ಧರಿಸಬಲ್ಲವನು ಇವನೇ ಎಂದು ಆಚಾರ್ಯರಿಗೆ ಹೊಳೆದದ್ದು ಆ ಆಟವನ್ನು ನಿಂತು ನೋಡಿದ್ದರಿಂದ. ಆಮೇಲೆ ಅವರು ಹುಡುಗನನ್ನು, ನೀನು ಯಾರ ಮಗ, ನಿನ್ನ ಮನೆ ಎಲ್ಲಿ ಎಂದು ಕೇಳಿಕೊಂಡು, ಅವನ ತಂದೆತಾಯಿಗಳನ್ನು ಕಾಣಲು ಹೊರಟರು.